25 ಕಿಲೋಮೀಟರ್‌ಗೆ ಯಾಕಿಷ್ಟು ಸುಸ್ತು? ಪ್ಯಾಟರ್‌ಡೇಲ್‌ನಿಂದ ಶ್ಯಾಪ್‌ವರೆಗಿನ ಆ ಒಂದು ದಿನ

ಪ್ರಶ್ನೆ: ನಾವು ರೆಡಿಂಗ್‌ನಲ್ಲಿರೋದು. ನಂಗೆ 44, ನಮ್ಮೆಜಮಾನ್ರಿಗೆ 48. ಹೋದ ಜೂನ್‌ನಲ್ಲಿ ಕೋಸ್ಟ್ ಟು ಕೋಸ್ಟ್ ವಾಕ್, ಅಂದ್ರೆ ಇಂಗ್ಲೆಂಡಿನ ಪಶ್ಚಿಮ ಕರಾವಳಿಯಿಂದ ಪೂರ್ವ ಕರಾವಳಿವರೆಗಿನ ಕಾಲುದಾರಿ, ಶುರು ಮಾಡಿದ್ವಿ. ಮೊದಲ ಮೂರು ದಿನ ಹೆಂಗೋ ಚೆನ್ನಾಗೇ ಹೋಯ್ತು. ನಾಲ್ಕನೇ ದಿನ ಪ್ಯಾಟರ್‌ಡೇಲ್‌ನಿಂದ ಶ್ಯಾಪ್‌ಗೆ 25 ಕಿಲೋಮೀಟರ್, ಗೈಡ್‌ನಲ್ಲಿ ಏಳೆಂಟು ಗಂಟೆ ಅಂತಿತ್ತು, ನಮಗೆ ಹನ್ನೊಂದೂವರೆ ಗಂಟೆ ಹಿಡೀತು. ಕೊನೇಲಿ ಒಂದು ಸ್ಟೈಲ್ (ಬೇಲಿ ದಾಟೋ ಮೆಟ್ಟಿಲು) ದಾಟೋಕಾಗದೆ ಅದ್ರ ಮೇಲೇ ಕೂತು ಅತ್ತುಬಿಟ್ಟೆ. ಮಾರನೇ ದಿನ ಟ್ಯಾಕ್ಸೀಲಿ ಪೆನ್ರಿತ್‌ಗೆ ಹೋಗಿ ಟ್ರೈನ್ ಹತ್ತಿ ಮನೆಗೆ ವಾಪಸ್. ಎರಡು ವರ್ಷದ ಹಿಂದೆ ಕುಮಾರ ಪರ್ವತ ಹತ್ತಿ ಇಳಿದವರು ನಾವು, ಅದರ ಮುಂದೆ ಇದು ಸಣ್ಣ ಗುಡ್ಡ. ಎಲ್ಲಿ ತಪ್ಪಿದ್ವಿ? ಮುಂದಿನ ಜೂನ್‌ಗೆ ಮತ್ತೆ ಹೋಗೋದಾದ್ರೆ ಮೊದಲಿಂದ ಶುರು ಮಾಡ್ಬೇಕಾ, ಬಿಟ್ಟಲ್ಲಿಂದನಾ?

ಉತ್ತರ: ಮೇಡಂ, ಆ ದಾರೀಲಿ ಅತ್ತವರಲ್ಲಿ ನೀವು ಮೊದಲನೆಯವರಲ್ಲ ಬಿಡಿ. ನಾನು ಸಾಗರದ ಕಡೆಯವನು, ಲ್ಯಾಂಕಾಸ್ಟರ್ ಹತ್ರ ಹದಿನಾಲ್ಕು ವರ್ಷದಿಂದ ಇದೀನಿ, ಮೌಂಟನ್ ಲೀಡರ್ ಟ್ರೈನಿಂಗ್ ಮಾಡ್ಕೊಂಡು ವೀಕೆಂಡ್‌ಗಳಲ್ಲಿ ನಮ್ಮ ಜನಾನ ಗುಡ್ಡ ಹತ್ತಿಸ್ತಿರ್ತೀನಿ. ಈ ಪ್ಯಾಟರ್‌ಡೇಲ್-ಶ್ಯಾಪ್ ದಾರಿ ಆರು ಸಲ ನಡೆದಿದೀನಿ, ಅದ್ರಲ್ಲಿ ಎರಡು ಸಲ ನಿಮ್ಮದೇ ಸ್ಥಿತಿ ನಂದೂ ಆಗಿತ್ತು. ನೀವು ಮೇಲ್‌ನಲ್ಲಿ ಯಾವ ಜಾಗಕ್ಕೆ ಎಷ್ಟು ಗಂಟೆಗೆ ಬಂದ್ವಿ, ಏನೇನು ತಿಂದ್ವಿ ಅಂತೆಲ್ಲ ಬರೆದಿದ್ದು ತುಂಬ ಒಳ್ಳೇದಾಯ್ತು, ಯಾಕಂದ್ರೆ ಉತ್ತರ ಪೂರ್ತಿ ಅದ್ರಲ್ಲೇ ಇದೆ.

ಮೊದಲು ಲೆಕ್ಕ ನೋಡಿ. ಬೆಳಿಗ್ಗೆ ಒಂಬತ್ತೂ ಕಾಲಿಗೆ ಹೊರಟ್ರಿ, ಕಿಡ್‌ಸ್ಟಿ ಪೈಕ್ ತುದಿ ಒಂದೂ ಕಾಲಿಗೆ. ಅಲ್ಲಿ "ಇನ್ನೇನು ಇಳಿಜಾರು, ಮುಗೀತು" ಅಂತ ಮುಕ್ಕಾಲು ಗಂಟೆ ಕೂತು ಸ್ಯಾಂಡ್‌ವಿಚ್ ತಿಂದು ಫೋಟೋ ತಗೊಂಡ್ರಿ. ಇಡೀ ಕೋಸ್ಟ್ ಟು ಕೋಸ್ಟ್‌ನಲ್ಲಿ ಅದೇ ಅತಿ ಎತ್ತರದ ಜಾಗ, 780 ಮೀಟರ್, ಹಂಗಾಗಿ ಹಂಗನಿಸೋದು ಸಹಜ. ಆದ್ರೆ ಆ ತುದೀಲಿ ನಿಂತಾಗ ನೀವು ನಡೆದಿರೋದು ಎಂಟೂವರೆ ಕಿಲೋಮೀಟರ್ ಇರ್ಬಹುದು ಅಷ್ಟೇ, ಅಂದ್ರೆ ದಿನದ ಮೂರನೇ ಒಂದು ಭಾಗ. ಇಳಿದು ಹಾಸ್‌ವಾಟರ್ ಕೆರೆ ಪಕ್ಕ ಬಂದಾಗ ಹನ್ನೊಂದು ಕಿಲೋಮೀಟರ್ ಆಗಿರುತ್ತೆ, ಇನ್ನೂ ಹದಿನಾಲ್ಕು ಬಾಕಿ. ನಿಮ್ಮನ್ನ ಸುಸ್ತು ಮಾಡಿದ್ದು ಗುಡ್ಡ ಅಲ್ಲ ಮೇಡಂ, ಗುಡ್ಡ ಇಳಿದ ಮೇಲಿನ ಆ ಹದಿನಾಲ್ಕು ಕಿಲೋಮೀಟರ್. ಅದು ಬಾಕಿ ಇದೆ ಅಂತ ನಿಮ್ಮ ತಲೆ ಒಪ್ಪಿಕೊಂಡಿರಲಿಲ್ಲ, ಅದಕ್ಕೆ ಕಾಲೂ ಒಪ್ಪಲಿಲ್ಲ.

ಕುಮಾರ ಪರ್ವತದ ಹೋಲಿಕೆ ಇಲ್ಲೇ ಕೈಕೊಡೋದು. ಏರೋದ್ರಲ್ಲಿ ಕೆಪಿ ಇದಕ್ಕಿಂತ ದೊಡ್ಡದು, ಅನುಮಾನನೇ ಇಲ್ಲ, ಅದರ ತುದಿ 1712 ಮೀಟರ್. ಆದ್ರೆ ಅಲ್ಲಿ ಇಳಿದು ಕುಕ್ಕೆ ಮುಟ್ಟಿದ್ರೆ ಕೆಲಸ ಮುಗೀತು, ಸ್ನಾನ, ಊಟ, ರಾತ್ರಿ ಬಸ್ಸು. ನಡುವೆ ಭಟ್ಟರ ಮನೇಲಿ ಬಿಸಿ ಅನ್ನ ಸಾಂಬಾರು ಮಜ್ಜಿಗೆ ಬೇರೆ. ಇಲ್ಲಿ ಪ್ಯಾಟರ್‌ಡೇಲ್ ಬಿಟ್ರೆ ಶ್ಯಾಪ್‌ವರೆಗೆ ದಾರಿ ಮೇಲೆ ಒಂದು ಟೀ ಅಂಗಡಿನೂ ಇಲ್ಲ. ಹಾಸ್‌ವಾಟರ್ ದಂಡೇಲಿ ನಡೀವಾಗ ಆಚೆ ದಡದಲ್ಲಿ ಒಂದು ಹೋಟೆಲ್ ಕಾಣುತ್ತೆ ನೋಡಿ, ಅದು ಕಾಣದಿದ್ರೇ ಒಳ್ಳೇದಿತ್ತು, ರಸ್ತೆ ಇರೋದು ಆ ಕಡೆ, ನಮ್ಮ ಕಾಲುದಾರಿ ಈ ಕಡೆ, ನಡುವೆ ಪೂರ್ತಿ ನೀರು. ಎಲ್ಲಕ್ಕಿಂತ ಮುಖ್ಯವಾಗಿ, ಕೆಪಿಗೆ ನೀವು ತಾಜಾ ಕಾಲಲ್ಲಿ ಹೋಗಿದ್ರಿ. ಇಲ್ಲಿ ಅದು ನಾಲ್ಕನೇ ದಿನ.

ನನ್ನ ಪ್ರಕಾರ ತಪ್ಪು ಶುರುವಾಗಿದ್ದು ಹಿಂದಿನ ದಿನವೇ. ರಾಸ್‌ಥ್ವೇಟ್‌ನಿಂದ ಪ್ಯಾಟರ್‌ಡೇಲ್‌ಗೆ ಒಂದೇ ದಿನದಲ್ಲಿ ಬಂದಿದೀರಿ. ಅದನ್ನ ಎರಡು ದಿನ ಮಾಡಿ ನಡುವೆ ಗ್ರಾಸ್ಮಿಯರ್‌ನಲ್ಲಿ ಮಲಗೋರೇ ಜಾಸ್ತಿ, ಯಾಕಂದ್ರೆ ಆ 27 ಕಿಲೋಮೀಟರ್‌ನಲ್ಲಿ ಎರಡು ದೊಡ್ಡ ಏರು ಇಳಿತ ಇದೆ, ಮೊದಲು 608 ಮೀಟರಿನ ಗ್ರೀನಪ್ ಎಡ್ಜ್, ಆಮೇಲೆ ಗ್ರೈಸ್‌ಡೇಲ್ ಟಾರ್ನ್ ಅನ್ನೋ ಗುಡ್ಡದ ಕೆರೆ ಕಡೆ ಇನ್ನೊಂದು. ಒಂದು ದಿನ ರಜೆ ಉಳೀತು ಅಂತ ಹಂಗೆ ಮಾಡಿದ್ರಿ, ಗೊತ್ತಾಗುತ್ತೆ, ಆಫೀಸ್ ರಜೆ ಎಲ್ಲರಿಗೂ ಅಷ್ಟಕ್ಕಷ್ಟೇ. ಆದ್ರೆ ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಬ್ರೇಕ್ ಹಾಕ್ತಾ ಹಾಕ್ತಾ ಹಿಗ್ಗುತ್ತೆ, ಅದ್ರಲ್ಲಿ ಸಣ್ಣ ಸಣ್ಣ ಗಾಯ ಆಗುತ್ತೆ, ಅದರ ನೋವು ಅವತ್ತೇ ಬರಲ್ಲ, ಒಂದರಿಂದ ಮೂರು ದಿನದ ಒಳಗೆ ಏರುತ್ತೆ. ಅಂದ್ರೆ ಗ್ರೀನಪ್ ಎಡ್ಜ್ ಇಳಿದ ಬಿಲ್ಲು ನಿಮಗೆ ಬಂದಿದ್ದು ಕಿಡ್‌ಸ್ಟಿ ಪೈಕ್ ಇಳಿಯುವಾಗ. ಅದು ಸಾಮಾನ್ಯ ಇಳಿಜಾರೂ ಅಲ್ಲ, ಎರಡೂವರೆ ಕಿಲೋಮೀಟರ್ ಚಿಲ್ಲರೇಲಿ ಐನೂರು ಮೀಟರ್‌ಗಿಂತ ಜಾಸ್ತಿ ಇಳೀಬೇಕು, ಕೊನೇಲಿ ಕಿಡ್‌ಸ್ಟಿ ಹೌಸ್ ಅನ್ನೋ ಬಂಡೆಗಳ ಹತ್ರ ಕೈ ಊರಿಕೊಂಡು ಕೂತ್ಕೊಂಡು ಇಳಿಯೋರೂ ಉಂಟು. ಕೆರೆ ಹತ್ರ ಬಂದಾಗ ಮೊಣಕಾಲು ನಡುಗ್ತಿತ್ತು ಅಂತ ಬರೆದಿದೀರಲ್ಲ, ಅದು ವಯಸ್ಸಲ್ಲ, ಅದೇ ಬಿಲ್ಲು.

ಇನ್ನು ಗೈಡ್‌ನ ಏಳೆಂಟು ಗಂಟೆ. ಇಂಥ ಲೆಕ್ಕಗಳ ಹಿಂದೆ ಸಾಮಾನ್ಯವಾಗಿ ಇರೋದು ಸ್ಕಾಟ್ಲೆಂಡಿನ ನೈಸ್ಮಿತ್ ಅನ್ನೋರು 1892ರಲ್ಲಿ ಹೇಳಿದ ಸೂತ್ರ, ಐದು ಕಿಲೋಮೀಟರ್‌ಗೆ ಒಂದು ಗಂಟೆ, ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಈ ದಿನಕ್ಕೆ ಹಾಕಿ ನೋಡಿ, 25ಕ್ಕೆ ಐದು ಗಂಟೆ, ಏರು ಎಲ್ಲ ಸೇರಿ ಸುಮಾರು ಸಾವಿರ ಮೀಟರ್ ಅಂದ್ಕೊಂಡ್ರೆ ಒಂದು ಗಂಟೆ ನಲವತ್ತು ನಿಮಿಷ, ಒಟ್ಟು ಆರು ಮುಕ್ಕಾಲು ಗಂಟೆ ಒಳಗೆ. ಆದ್ರೆ ಅದು ಗಟ್ಟಿಮುಟ್ಟಾದ ಮನುಷ್ಯ ಎಲ್ಲೂ ನಿಲ್ಲದೆ, ಊಟ ಮಾಡದೆ, ಗೇಟ್ ತೆಗೆದು ಹಾಕದೆ, ಮ್ಯಾಪ್ ನೋಡದೆ ನಡೆದ್ರೆ. ನಮ್ಮ ಥರದವರು ಹನ್ನೊಂದು ಕೆಜಿ ಬ್ಯಾಗ್ ಹೊತ್ಕೊಂಡು ನಾಲ್ಕನೇ ದಿನ ನಡೀತಿದ್ರೆ ಅದಕ್ಕೆ ಅರ್ಧದಷ್ಟು ಸೇರಿಸ್ಬೇಕು, ಹತ್ತು ಗಂಟೆ ಅಂತ ಇಟ್ಕೊಳ್ಳಿ. ಹಂಗೆ ನೋಡಿದ್ರೆ ನೀವು ತಡ ಆಗಿದ್ದು ಬರೀ ಒಂದೂವರೆ ಗಂಟೆ, ಅದ್ರಲ್ಲಿ ಮುಕ್ಕಾಲು ಗಂಟೆ ತುದೀಲಿ ಕೂತಿದ್ದು.

ಈಗ ಊಟದ ವಿಷ್ಯ, ಇದಕ್ಕೆ ಸ್ವಲ್ಪ ಬೈತೀನಿ, ಬೇಜಾರು ಮಾಡ್ಕೋಬೇಡಿ. ಬೆಳಿಗ್ಗೆ, ರಾತ್ರಿ ತಂಗಿದ್ದ ಬಿ ಅಂಡ್ ಬಿಯಲ್ಲಿ ಟೋಸ್ಟ್, ಬೀನ್ಸ್, ಅಣಬೆ. ಮಧ್ಯಾಹ್ನ ಒಂದು ಚೀಸ್ ಸ್ಯಾಂಡ್‌ವಿಚ್. ಆಮೇಲೆ ರಾತ್ರಿ ಎಂಟೂ ಮುಕ್ಕಾಲಿನವರೆಗೆ ಎರಡು ಸೀರಿಯಲ್ ಬಾರ್, ಒಂದು ಲೀಟರ್ ನೀರು. ಬ್ಯಾಗ್ ಹೊತ್ತು ಗುಡ್ಡ ನಡೆಯೋವಾಗ 65 ಕೆಜಿ ಇರೋರಿಗೆ ಗಂಟೆಗೆ 400 ಕ್ಯಾಲರಿ ಆಸುಪಾಸು ಬೇಕು, ದಿನಕ್ಕೆ ಮೂರು ಮೂರೂವರೆ ಸಾವಿರ. ನಮ್ಮ ಸ್ನಾಯು, ಲಿವರ್ ಎರಡರಲ್ಲೂ ಸೇರಿ ಸಕ್ಕರೆ ಅಂಶ ದಾಸ್ತಾನು ಇರೋದು ಎರಡು ಸಾವಿರ ಕ್ಯಾಲರಿ ಒಳಗೆ, ಅದೂ ಹಿಂದಿನ ರಾತ್ರಿ ಚೆನ್ನಾಗಿ ಉಂಡಿದ್ರೆ. ಕೊಬ್ಬು ಇದೆಯಲ್ಲ ಅಂತೀರಿ, ಇದೆ, ಆದ್ರೆ ಅದು ಸೀಮೆಎಣ್ಣೆ ಸ್ಟವ್ ಥರ, ನಿಧಾನಕ್ಕೆ ಉರಿಯುತ್ತೆ, ಏರು ಬಂದಾಗ ಸಾಲಲ್ಲ. ಸಂಜೆ ನಾಲ್ಕು ಗಂಟೆ ಹೊತ್ತಿಗೆ ನಿಮ್ಮ ಡಬ್ಬಿ ತಳ ಕಾಣಿಸಿರುತ್ತೆ. ಹಾಸ್‌ವಾಟರ್ ದಂಡೆಯ ಆರೂವರೆ ಕಿಲೋಮೀಟರ್‌ಗೆ ಎರಡೂ ಮುಕ್ಕಾಲು ಗಂಟೆ ಹಿಡಿದಿದ್ದು ಅದಕ್ಕೇ. ರಾಸ್‌ಗಿಲ್ ಹತ್ರ ಗೇಟ್ ಮುಂದೆ ನಿಂತು ಎಡಗಡೆ ಹೊಲನಾ ಬಲಗಡೆ ಹೊಲನಾ ಅಂತ ಗಂಡ ಹೆಂಡತಿ ಕಿರುಚಾಡಿದ್ವಿ ಅಂತ ಬರೆದಿದೀರಿ, ಅದೂ ಸಕ್ಕರೆ ಕಡಿಮೆಯಾದ ಜಗಳ, ಸಂಸಾರದ್ದಲ್ಲ.

ನನಗೇ ಆಗಿದ್ದು ಹೇಳ್ತೀನಿ. ಎರಡನೇ ಸಲ ಹೋದಾಗ ಆ ದಂಡೆಯಲ್ಲಿ ಒಂದು ಕಲ್ಲುಗೋಡೆ ಪಕ್ಕ ಶೂ ಲೇಸ್ ಕಟ್ಟೋಕೆ ಬಗ್ಗಿದೆ, ಗಂಟು ಹಾಕೋಕೆ ಬರ್ತಿಲ್ಲ. ಎರಡು ದಾರ ಕೈಲಿದೆ, ಮುಂದೇನು ಮಾಡ್ಬೇಕು ಅಂತ ಹೊಳೀತಿಲ್ಲ, ಯಾರದೋ ಕೈ ನೋಡ್ದಂಗೆ ನೋಡ್ತಾ ಕೂತಿದೀನಿ. ಜೊತೆಗಿದ್ದ ಹುಡುಗ ಏನೂ ಕೇಳದೆ ಬಾಯಿಗೆ ಕಡ್ಲೆಬೀಜದ ಚಿಕ್ಕಿ ತುರುಕಿದ, ಒಂದಲ್ಲ, ಮೂರು, ಮೇಲೆ ಅರ್ಧ ಬಾಟಲ್ ಉಪ್ಪು ಸಕ್ಕರೆ ನೀರು. ಕಾಲು ಗಂಟೆ ಬಿಟ್ಟು ಲೇಸ್ ತಾನೇ ಕಟ್ಕೊಂತು. ಆವತ್ತಿಂದ ಫೋನ್‌ನಲ್ಲಿ ನಲವತ್ತೈದು ನಿಮಿಷಕ್ಕೊಂದು ಅಲಾರಂ ಇಡ್ತೀನಿ, ಹಸಿವಿರಲಿ ಬಿಡಲಿ ಏನಾದ್ರೂ ಬಾಯಿಗೆ ಹೋಗ್ಬೇಕು. ಗಂಟೆಗೆ 30ರಿಂದ 60 ಗ್ರಾಂ ಕಾರ್ಬ್ ಅನ್ನೋದು ಲೆಕ್ಕ, ಅಂದ್ರೆ ಒಂದು ಬಾಳೆಹಣ್ಣು ಜೊತೆಗೆ ಎರಡು ಚಿಕ್ಕಿ, ಅಥವಾ ಬೆಲ್ಲ ತುಪ್ಪ ಸವರಿ ಸುತ್ತಿದ ಎರಡು ಚಪಾತಿ. ಚಟ್ನಿಪುಡಿ ಹಾಕಿದ ಚಪಾತಿ ಮಧ್ಯಾಹ್ನಕ್ಕೆ, ಖಾರದ ಅವಲಕ್ಕಿ ಸಂಜೆಗೆ, ಯಾಕಂದ್ರೆ ನಾಲ್ಕು ಗಂಟೆ ಮೇಲೆ ಸಿಹಿ ನೋಡಿದ್ರೆ ವಾಕರಿಕೆ ಬರುತ್ತೆ, ಬೆವರಿಗೆ ಉಪ್ಪೂ ಬೇಕು. ಈ ಸೀಮೆಯದ್ದೇ ಬೇಕಂದ್ರೆ ಕೆಂಡಲ್ ಮಿಂಟ್ ಕೇಕ್ ಸಿಗುತ್ತೆ, ಹೆಸರಿಗೆ ಕೇಕು, ನಿಜಕ್ಕೆ ಪುದೀನ ಎಣ್ಣೆ ಹಾಕಿದ ಸಕ್ಕರೆ ಅಚ್ಚು, 1953ರ ಎವರೆಸ್ಟ್ ತಂಡದವರೂ ಹೊತ್ಕೊಂಡು ಹೋಗಿದ್ರು. ನಂಗಂತೂ ಟೂತ್‌ಪೇಸ್ಟ್ ತಿಂದಂಗಾಗುತ್ತೆ.

ನೀರು ಎರಡು ಲೀಟರ್ ಇಟ್ಕೊಳ್ಳಿ, ಜೊತೆಗೊಂದು ಫಿಲ್ಟರ್ ಬಾಟಲ್. ತೊರೆಗಳು ಬೇಕಾದಷ್ಟಿವೆ ಆದ್ರೆ ಮೇಲೆಲ್ಲೋ ಕುರಿ ಸತ್ತು ಬಿದ್ದಿರುತ್ತೆ, ಹಂಗೇ ಕುಡೀಬೇಡಿ.

ಹಾಸ್‌ವಾಟರ್ ದಂಡೆ ಬಗ್ಗೆ ಎರಡು ಮಾತು, ಎಲ್ಲರೂ ಮೋಸ ಹೋಗೋ ಜಾಗ ಅದು. ಮ್ಯಾಪ್‌ನಲ್ಲಿ ನೋಡಿದ್ರೆ ಕೆರೆ ಪಕ್ಕ ನೇರ ಗೆರೆ, ಸಪಾಟು ಅನ್ಸುತ್ತೆ. ನಿಜದಲ್ಲಿ ಹತ್ತು ಹೆಜ್ಜೆ ಮೇಲೆ, ಎಂಟು ಹೆಜ್ಜೆ ಕೆಳಗೆ, ಕಲ್ಲು, ಬೇರು, ಜಿನುಗು ನೀರು, ಜುಲೈ ಆಗಸ್ಟ್‌ನಲ್ಲಿ ಬ್ರಾಕನ್ ಅನ್ನೋ ಜರಿಗಿಡ ಎದೆ ಮಟ್ಟಕ್ಕೆ ಬೆಳೆದು ಕಾಲಿಡೋ ಜಾಗನೂ ಕಾಣಲ್ಲ. ಅದ್ರಲ್ಲಿ ಉಣ್ಣೆ ಹುಳ ಇರುತ್ತೆ, ಮಲೆನಾಡಿನವರಿಗೆ ಹೇಳ್ಬೇಕಾಗಿಲ್ಲ, ಇಲ್ಲಿ ಮಂಗನ ಕಾಯಿಲೆ ಇಲ್ಲ ಆದ್ರೆ ಲೈಮ್ ಕಾಯಿಲೆ ಇದೆ, ಪ್ಯಾಂಟ್ ಸಾಕ್ಸ್ ಒಳಗೆ ಸೇರಿಸಿ, ರಾತ್ರಿ ಮೊಣಕಾಲು ಹಿಂದೆ, ಸೊಂಟದ ಹತ್ರ ನೋಡ್ಕೊಳ್ಳಿ.

ಅದು ಹುಟ್ಟು ಕೆರೆನೇ, ಆದ್ರೆ ಈಗ ಕಾಣೋ ನೀರು ಅಣೆಕಟ್ಟಿಂದು. ಮ್ಯಾಂಚೆಸ್ಟರ್‌ಗೆ ಕುಡಿಯೋ ನೀರಿಗೆ ಅಂತ 1929ರಲ್ಲಿ ಕಟ್ಟೋಕೆ ಶುರು ಮಾಡಿದ್ರು, ಮಾರ್ಡೇಲ್ ಅನ್ನೋ ಊರು ಮುಳುಗ್ತು. ಚರ್ಚ್ ಒಡೆದು, ಅಲ್ಲಿ ಹೂತಿದ್ದವರನ್ನ ತೆಗೆದು ತಂದು ಶ್ಯಾಪ್‌ನಲ್ಲಿ ಮತ್ತೆ ಹೂತ್ರು. ಅದಕ್ಕೂ ಹಿಂದೆ, ಮಾರ್ಡೇಲ್‌ನಲ್ಲಿ ಹೂಳೋಕೆ ಅನುಮತಿ ಇಲ್ಲದ ಕಾಲದಲ್ಲಿ, ಹೆಣಾನ ಕುದುರೆ ಮೇಲೆ ಕಟ್ಟಿ ಗುಡ್ಡ ದಾಟಿಸಿ ಶ್ಯಾಪ್‌ಗೇ ತರ್ತಿದ್ರು, ಆ ದಾರಿಗೆ ಇವತ್ತಿಗೂ ಕಾರ್ಪ್ಸ್ ರೋಡ್ ಅಂತಲೇ ಹೆಸರು. ಬರ ಬಿದ್ದ ವರ್ಷ ನೀರಿಳಿದಾಗ ಊರಿನ ಕಲ್ಲುಗೋಡೆ, ಸಣ್ಣ ಸೇತುವೆ ಮೇಲೆ ಬರುತ್ತೆ. ಶರಾವತಿ ಮುಳುಗಡೆ ಕಥೆ ಕೇಳಿ ಬೆಳೆದ ನನಗೆ ಅಲ್ಲಿ ಕಾಲು ತಾನಾಗಿ ನಿಲ್ಲುತ್ತೆ, ಆದ್ರೆ ಮೂರು ಗಂಟೆ ಮೇಲೆ ಆ ಜಾಗದಲ್ಲಿ ಇದ್ರೆ ನಿಲ್ಲಬೇಡಿ, ನಡೀರಿ.

ದಂಡೆ ಮುಗಿದಲ್ಲಿ ಬರ್ನ್‌ಬ್ಯಾಂಕ್ಸ್, ಅಣೆಕಟ್ಟಿನ ಕೆಲಸಗಾರರಿಗೆ ಕಟ್ಟಿದ ಊರು. ಅಲ್ಲಿಂದ ಶ್ಯಾಪ್‌ಗೆ ಇನ್ನೂ ಎಂಟು ಕಿಲೋಮೀಟರ್, ಪೂರ್ತಿ ಹೊಲ ಗದ್ದೆ ಥರದ ದಾರಿ, ಗೇಟು, ಸ್ಟೈಲು, ಗೇಟು, ಸ್ಟೈಲು. ಸ್ಟೈಲ್ ಅಂದ್ರೆ ನಮ್ಮೂರ ಕಡೆ ಬೇಲಿಗೆ ತಡಮೆ ಇರುತ್ತಲ್ಲ ಅದೇ, ದನ ದಾಟಬಾರದು ಮನುಷ್ಯ ದಾಟಬೇಕು. ತಾಜಾ ಕಾಲಿಗೆ ಅದು ಏನೂ ಅಲ್ಲ. ಇಪ್ಪತ್ತನೇ ಕಿಲೋಮೀಟರ್‌ನಲ್ಲಿ ಒಂದು ಕಾಲೆತ್ತಿ ಮೆಟ್ಟಿಲ ಮೇಲಿಟ್ಟು ಇಡೀ ಮೈ ಭಾರ ಬ್ಯಾಗ್ ಸಮೇತ ಆ ಒಂದು ತೊಡೆ ಮೇಲೆ ಹಾಕ್ಬೇಕು, ಆಚೆ ಬದಿ ಇಳಿಯುವಾಗ ಮತ್ತೆ ಅದೇ ಬ್ರೇಕು. ನೀವು ಕೂತು ಅತ್ತಿದ್ದು ಅಲ್ಲೇ, ಸರಿಯಾದ ಜಾಗದಲ್ಲೇ ಕೂತಿದೀರಿ. ಮುಂದಿನ ಸಲ ಸ್ಟೈಲ್ ಬಂದಾಗ ಬ್ಯಾಗ್ ಬಿಚ್ಚಿ ಮೊದಲು ಆಚೆ ಕೊಡಿ, ಆಮೇಲೆ ಹತ್ತಿ, ಇಳಿಯುವಾಗ ಹಿಮ್ಮುಖವಾಗಿ ಏಣಿ ಇಳಿದಂಗೆ ಇಳೀರಿ. ಹಾಂ, ಆ ಹೊಲಗಳಲ್ಲಿ ಜೂನ್‌ನಲ್ಲಿ ಕರು ಹಾಕಿದ ಹಸು ಇರುತ್ತೆ. ನಮ್ಮ ಜನ ಗೌರಿ ಅಂತ ತಲೆ ಸವರೋಕೆ ಹೋಗ್ತಾರೆ, ದಯವಿಟ್ಟು ಬೇಡ, ಇಲ್ಲಿ ಪ್ರತಿ ವರ್ಷ ಜನ ಹಸುವಿನಿಂದ ಗಾಯ ಮಾಡ್ಕೋತಾರೆ, ಹಸು ಕರು ನಡುವೆ ಹೋಗದೆ ಗೋಡೆ ಪಕ್ಕ ದೂರದಿಂದ ದಾಟಿ.

ಶ್ಯಾಪ್ ಅಬ್ಬೆಯ ಗೋಪುರ ಕಂಡಾಗ ಬಂದೇಬಿಟ್ವಿ ಅನ್ಸುತ್ತೆ, ಆ ಮಠ ಮುಚ್ಚಿಸಿದ್ದು 1540ರಲ್ಲಿ, ಈಗ ಉಳಿದಿರೋದು ಗೋಪುರ ಮತ್ತೆ ಮೋಟು ಗೋಡೆ. ಅಲ್ಲಿಂದಲೂ ಊರಿಗೆ ಒಂದು ಮೈಲಿ ಇದೆ ಅಂತ ಮೊದಲೇ ತಲೇಲಿಟ್ಕೊಳ್ಳಿ. ಊರು ಬೇರೆ ಉದ್ದಕ್ಕೆ ಎ6 ರಸ್ತೆ ಪಕ್ಕ ಪಟ್ಟಿ ಥರ ಇದೆ, ನಿಮ್ಮ ರೂಮ್ ಯಾವ ತುದೀಲಿದೆ ಅಂತ ಬುಕ್ ಮಾಡುವಾಗಲೇ ನೋಡಿ. ಊಟ ಹೇಳಿಟ್ಟಿರಿ, ಎಂಟೂ ಮುಕ್ಕಾಲಿಗೆ ಹೋದ್ರೆ ಕಿಚನ್ ಮುಚ್ಚಿರುತ್ತೆ, ನಿಮಗಾದಂಗೆ.

ಹಂಗಾದ್ರೆ ಮುಂದಿನ ಜೂನ್‌ಗೆ ಏನು ಮಾಡ್ಬೇಕು. ಬೆಳಿಗ್ಗೆ ಏಳಕ್ಕೆ ಹೊರಡಿ, ಬಿ ಅಂಡ್ ಬಿಯವರಿಗೆ ಹಿಂದಿನ ರಾತ್ರಿಯೇ ಹೇಳಿದ್ರೆ ತಿಂಡಿ ಕಟ್ಟಿಕೊಡ್ತಾರೆ. ಬ್ಯಾಗ್ ಹೊರೋ ಹಟ ಬಿಡಿ, ಒಂದು ಊರಿಂದ ಇನ್ನೊಂದು ಊರಿಗೆ ಲಗೇಜ್ ಸಾಗಿಸೋ ವ್ಯಾನ್ ಸರ್ವಿಸ್ ಈ ದಾರಿಯಲ್ಲಿದೆ, ಬೆನ್ನ ಮೇಲೆ ನಾಲ್ಕು ಕೆಜಿ ಸಾಕು, ಮಳೆ ಜಾಕೆಟ್, ಒಂದು ಬೆಚ್ಚನೆ ಪದರ, ಊಟ, ನೀರು, ಟಾರ್ಚ್, ಸೀಟಿ. ವಾಕಿಂಗ್ ಪೋಲ್ ಎರಡು ತಗೊಳ್ಳಿ, ಮುದುಕರ ಕೋಲು ಅಂತ ನಮ್ಮೆಜಮಾನ್ರು ನಗ್ತಾರೆ ಅಂದಿದೀರಿ, ಕಿಡ್‌ಸ್ಟಿ ಪೈಕ್ ಇಳಿಯುವಾಗ ಅವ್ರೇ ಒಂದು ಕೇಳ್ತಾರೆ, ಕೊಡಬೇಡಿ. ಆಂಗಲ್ ಟಾರ್ನ್ ಹತ್ರ, ಸುಮಾರು ಒಂದೂವರೆ ಎರಡು ಗಂಟೆ ನಡೆದ ಮೇಲೆ, ಶೂ ಬಿಚ್ಚಿ ಪಾದ ನೋಡಿ. ಬೊಬ್ಬೆ ಬರೋ ಮೊದಲು ಅಲ್ಲಿ ಬಿಸಿ ಬಿಸಿ ಅನ್ಸುತ್ತೆ, ಆಗಲೇ ಟೇಪ್ ಹಾಕಿದ್ರೆ ಬೊಬ್ಬೆನೇ ಬರಲ್ಲ, "ಶ್ಯಾಪ್‌ಗೆ ಹೋಗಿ ನೋಡೋಣ" ಅಂದ್ರೆ ಶ್ಯಾಪ್‌ನಲ್ಲಿ ಚರ್ಮ ಸಾಕ್ಸ್ ಜೊತೆ ಬರುತ್ತೆ. ತುದೀಲಿ ಹದಿನೈದು ನಿಮಿಷ ಸಾಕು, ಕೆಳಗಿನ ರಿಗಿಂಡೇಲ್ ಕಣಿವೆ ಕಡೆ ಒಮ್ಮೆ ನೋಡಿ, ಇಂಗ್ಲೆಂಡಿನ ಕೊನೇ ಗೋಲ್ಡನ್ ಈಗಲ್ ಒಂಟಿಯಾಗಿ ಇದ್ದಿದ್ದು ಅಲ್ಲಿ, 2015ರ ಆಮೇಲೆ ಕಾಣಿಸಲಿಲ್ಲ. ದೊಡ್ಡ ವಿಶ್ರಾಂತಿ ಕೆಳಗೆ ನೀರಿನ ಹತ್ರ ತಗೊಳ್ಳಿ, ಅಲ್ಲೇ ಊಟ, ಅಲ್ಲೇ ಸಾಕ್ಸ್ ಬದಲಾಯಿಸಿ, ಅಲ್ಲಿಂದ ಎರಡನೇ ದಿನ ಶುರು ಅಂದ್ಕೊಂಡು ಹೊರಡಿ. ನಿಜ ಹೇಳ್ಬೇಕಂದ್ರೆ ಇದೊಂದು ಮಾಡಿದ್ರೂ ಅರ್ಧ ಕೆಲಸ ಆಯ್ತು.

ಮೋಡ ಇಳಿದಿದ್ರೆ ಬೇರೆ ಮಾತು. ದಿ ನಾಟ್ ಅನ್ನೋ ಗುಡ್ಡ ದಾಟಿದ ಮೇಲೆ ರೋಮನ್ನರ ಕಾಲದ ಹೈ ಸ್ಟ್ರೀಟ್ ದಾರಿ ನೇರ ದಕ್ಷಿಣಕ್ಕೆ ಎಳ್ಕೊಂಡು ಹೋಗುತ್ತೆ, ನಮ್ಮದು ಎಡಕ್ಕೆ ತಿರುಗುತ್ತೆ. ಮಂಜಿನಲ್ಲಿ ಆ ತಿರುವು ತಪ್ಪಿಸಿಕೊಂಡೋರು ಬೇಕಾದಷ್ಟು ಜನ, ಫೋನ್ ಜೊತೆ ಕಾಗದದ ಮ್ಯಾಪು, ಕಂಪಾಸು ಇರಲಿ. ಹತ್ತೋದೇ ಬೇಡ ಅನ್ಸಿದ್ರೆ ಉಲ್ಸ್‌ವಾಟರ್ ದಂಡೆ ಹಿಡಿದು ಹೌಟೌನ್ ಕಡೆಯಿಂದ ತಗ್ಗಿನಲ್ಲಿ ಸುತ್ತಿ ಬರಬಹುದು, ಅದ್ರಲ್ಲಿ ನಾಚಿಕೆ ಏನಿಲ್ಲ. ಸಿಗ್ನಲ್ ಅಲ್ಲಲ್ಲಿ ಸಿಗಲ್ಲ. ತೊಂದರೆ ಆದ್ರೆ 999ಕ್ಕೆ ಫೋನ್ ಮಾಡಿ ಪೊಲೀಸ್ ಕೇಳಿ, ಆಮೇಲೆ ಮೌಂಟನ್ ರೆಸ್ಕ್ಯೂ ಅನ್ನಿ, ಅವರು ವಾಲಂಟಿಯರ್‌ಗಳು, ದುಡ್ಡು ತಗೊಳ್ಳಲ್ಲ. ಫೋನ್ ಆಗದಿದ್ರೆ ನಿಮಿಷಕ್ಕೆ ಆರು ಸಲ ಸೀಟಿ, ಒಂದು ನಿಮಿಷ ಬಿಟ್ಟು ಮತ್ತೆ ಆರು. ಎದೆ ನೋವು, ಒಂದೇ ಕಾಲಿನ ಮೀನಖಂಡ ಊದಿಕೊಂಡು ಬಿಸಿ ಆಗೋದು, ಮೂತ್ರ ಕೋಲಾ ಬಣ್ಣಕ್ಕೆ ಬರೋದು, ನಡುಗುತ್ತಾ ಮಾತು ತೊದಲೋದು, ಇವು ಸುಸ್ತಲ್ಲ, ಅಲ್ಲಿಗೇ ನಿಲ್ಲಿಸಿ ಸಹಾಯ ಕೇಳ್ಬೇಕು.

ಹತ್ತು ಗಂಟೆನೂ ಜಾಸ್ತಿ ಅನ್ಸಿದ್ರೆ ಬರ್ನ್‌ಬ್ಯಾಂಕ್ಸ್ ಆದ್ಮೇಲೆ ಸ್ವಲ್ಪ ಪಕ್ಕಕ್ಕೆ ಬ್ಯಾಂಪ್ಟನ್ ಕಡೆ ಹೋಗಿ ಮಲಗಿ. ರೂಮ್‌ಗಳು ಬೆರಳೆಣಿಕೆ, ಚಳಿಗಾಲದಲ್ಲೇ ಬುಕ್ ಮಾಡಿ. ಶ್ಯಾಪ್ ಆದ ಮೇಲಿನ ದಿನ ಕರ್ಕ್‌ಬಿ ಸ್ಟೀಫನ್‌ವರೆಗೆ 32 ಕಿಲೋಮೀಟರ್ ಇದೆ, ಅದನ್ನೂ ಆರ್ಟನ್‌ನಲ್ಲಿ ಮುರೀರಿ, ಇಲ್ಲಾಂದ್ರೆ ಇದೇ ಕಥೆ ಇನ್ನೊಂದು ಊರಲ್ಲಿ.

ಕೊನೇ ಪ್ರಶ್ನೆ, ಮೊದಲಿಂದನಾ ಬಿಟ್ಟಲ್ಲಿಂದನಾ. ಈ ದಾರಿ ಹಾಕಿದ ವೇನ್‌ರೈಟ್ ಆಗಲಿ, ಬೇರೆ ಯಾರೇ ಆಗಲಿ, 300 ಕಿಲೋಮೀಟರ್ ಒಂದೇ ಉಸಿರಲ್ಲಿ ಮುಗಿಸ್ಬೇಕು ಅಂತ ಕಾನೂನು ಮಾಡಿಲ್ಲ, ದಾರಿ ಶುರುವಾಗೋ ಸೇಂಟ್ ಬೀಸ್‌ಗೆ ಮತ್ತೆ ಹೋಗೋ ಅಗತ್ಯ ಇಲ್ಲ. ಆದ್ರೆ ನಿಮ್ಮ ಮೇಲ್ ಓದಿದ್ರೆ ಶ್ಯಾಪ್‌ನಿಂದ ಶುರು ಮಾಡಿದ್ರೆ ನಿಮಗೆ ಸಮಾಧಾನ ಆಗಲ್ಲ ಅನ್ಸುತ್ತೆ, ಆ ಸ್ಟೈಲ್ ಹಿಂದೆನೇ ಉಳಿಯುತ್ತೆ. ಪ್ಯಾಟರ್‌ಡೇಲ್‌ನಿಂದ ಶುರು ಮಾಡಿ. ಪೆನ್ರಿತ್ ಸ್ಟೇಷನ್‌ನಲ್ಲಿ ಇಳಿದ್ರೆ 508 ನಂಬರ್ ಬಸ್ಸು ಪ್ಯಾಟರ್‌ಡೇಲ್‌ಗೆ ಹೋಗುತ್ತೆ, ಟೈಮ್ ಟೇಬಲ್ ನೋಡ್ಕೊಂಡು ಹಿಂದಿನ ದಿನ ಮಧ್ಯಾಹ್ನವೇ ಬಂದು, ಹೊಟ್ಟೆ ತುಂಬ ಉಂಡು ಬೇಗ ಮಲಗಿ. ಎಜಮಾನ್ರ ಕಾಲುಬೆರಳಿನ ಉಗುರು ಎರಡು ಕಪ್ಪಾಗಿ ಬಿದ್ದುಹೋಯ್ತು ಅಂದ್ರಲ್ಲ, ಆ ಶೂ ಅರ್ಧ ಸೈಜ್ ಚಿಕ್ಕದು, ಅದನ್ನ ಮಾತ್ರ ಮತ್ತೆ ತರೋಕೆ ಬಿಡಬೇಡಿ.